ನಜರ್‌ಬಾದಿನ ಮನೆಯೊಳಗಿನ ಶಾಲೆ

ಶಾಲೆಗೆ ಬಾರದ ಮಕ್ಕಳನ್ನು ಹುಡುಕಿ ಶಾಲೆಗೆ ಸೇರಿಸುವುದು ನನ್ನ ಕೆಲಸವಾಗಿತ್ತು. ಹುದ್ದೆಯ ಹೆಸರು ಆಗಾಗ ಬದಲಾಯಿತು, ಕೆಲಸ ಬದಲಾಗಲಿಲ್ಲ. ಸ್ಕೂಟಿ ಹತ್ತಿ ಮೈಸೂರಿನ ಗಲ್ಲಿಗಳನ್ನು ಸುತ್ತುವುದು, ಶಾಲೆಯ ಹೊತ್ತಿನಲ್ಲಿ ಬೀದಿಯಲ್ಲಿ ಕಂಡ ಮಗುವನ್ನೆಲ್ಲ ನಿಲ್ಲಿಸಿ "ಯಾವ ಸ್ಕೂಲು ಮರಿ?" ಎಂದು ಕೇಳುವುದು. ನಿವೃತ್ತಳಾದ ಮೇಲೂ ಆ ಚಟ ಬಿಟ್ಟಿಲ್ಲ. ತರಕಾರಿ ತರಲು ಹೋದಾಗ ಯಾವುದೋ ಮಗುವನ್ನು ತಡೆದು ಕೇಳಿಬಿಡುತ್ತೇನೆ. ಅವತ್ತು ಭಾನುವಾರ ಎಂಬುದು ಆಮೇಲೆ ನೆನಪಾಗುತ್ತದೆ.

ಈಚೆಗೆ ಅದೇ ಕೆಲಸಕ್ಕೆ ಹೊಸದಾಗಿ ಬಂದಿರುವ ಇಬ್ಬರು ಶಿಕ್ಷಕಿಯರು ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಿದ್ದರು. "ತರಬೇತೀಲಿ ಎಲ್ಲಾ ಹೇಳಿದ್ರು ಮೇಡಂ. ಬಾಗಿಲು ತಟ್ಟಿದ ಮೇಲೆ ಏನು ಮಾತಾಡ್ಬೇಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಎಂದರು. ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಆದ್ದರಿಂದ ಬರೆಯಲು ಕೂತೆ.

ನಾನು ಈ ಕೆಲಸಕ್ಕೆ ಬಂದ ಕಾಲದಲ್ಲಿ ಜಾಥಾ ಮಾಡುತ್ತಿದ್ದೆವು. ಮುಂದೆ ತಮಟೆ, ಹಿಂದೆ ಬ್ಯಾನರು, ಅದರ ಹಿಂದೆ ಘೋಷಣೆ ಕೂಗುವ ನಾವು. ತಮಟೆ ಸದ್ದು ಕೇಳಿದ ಕೂಡಲೆ ಯಾವ ಮಕ್ಕಳಿಗಾಗಿ ನಾವು ಬಂದಿದ್ದೆವೋ ಅವರೆಲ್ಲ ಮಾಯ. ಬೀದಿಯಲ್ಲಿ ಉಳಿಯುತ್ತಿದ್ದವರು ನೋಡಲು ಬಂದ ಅಜ್ಜಿಯರು ಮಾತ್ರ. ಜಾಥಾ ಬಿಟ್ಟು ಒಬ್ಬಳೇ ಹೋಗಿ ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿಯಲು ಶುರು ಮಾಡಿದ ಮೇಲೆಯೇ ಮನೆಗಳ ಒಳಗು ನನಗೆ ಕಂಡದ್ದು.

ವಿದ್ಯಾರಣ್ಯಪುರಂನಲ್ಲಿ ಕಟ್ಟಡ ಕೆಲಸದವರ ಮಗಳೊಬ್ಬಳಿದ್ದಳು. ಎಷ್ಟು ಸಲ ಸೇರಿಸಿದರೂ ಎರಡು ದಿನ ಬಂದು ನಿಲ್ಲಿಸುತ್ತಿದ್ದಳು. ಕೊನೆಗೆ ನೋಡಿದರೆ ಅವಳ ಸೊಂಟದ ಮೇಲೆ ಸದಾ ಒಂದು ಕೂಸು. ತಾಯಿ ಗಾರೆ ಹೊರುವಾಗ ತಮ್ಮನನ್ನು ನೋಡಿಕೊಳ್ಳುವವಳು ಇವಳೇ. ಕೂಸಿನ ಸಮೇತ ಶಾಲೆಗೆ ಕರೆದುಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿ ಕೆರಳಿದರು. "ಇದೇನು ಸ್ಕೂಲೋ ಬಾಣಂತಿ ಮನೆಯೋ?" ಎಂದರು. ನಾನು ಮನೆಯಿಂದ ಹಳೆಯ ಸೀರೆ ತಂದು ವರಾಂಡದ ತೊಲೆಗೆ ಜೋಲಿ ಕಟ್ಟಿದೆ. ಹುಡುಗಿ ಬಾಗಿಲ ಬಳಿ ಕೂತು, ಒಂದು ಕಾಲಿನಿಂದ ಜೋಲಿ ತೂಗುತ್ತಾ ಮಗ್ಗಿ ಬರೆದಳು. ವಾರ ಕಳೆಯುವಷ್ಟರಲ್ಲಿ ಆ ಮುಖ್ಯೋಪಾಧ್ಯಾಯಿನಿಯೇ ಕೂಸನ್ನು ಎತ್ತಿಕೊಂಡು ಓಡಾಡುತ್ತಿದ್ದರು. ಹೊಸಬರಿಗೆ ನಾನು ಹೇಳುವುದಿಷ್ಟೇ: ಮಗು ಶಾಲೆಗೆ ಬಂದರೆ ಆ ಮನೆಯಲ್ಲಿ ಯಾವ ಕೆಲಸ ನಿಂತುಹೋಗುತ್ತದೆ ಎಂದು ಮೊದಲು ನೋಡಿ.

ನಮ್ಮ ಮೇಲಿದ್ದ ಶಿಕ್ಷಣಾಧಿಕಾರಿ ಪುಟ್ಟಸ್ವಾಮಿಯವರು ರೈತರ ಮನೆಯಿಂದ ಬಂದವರು. ಶಾಲೆ ಎಂದರೆ ಅವರಿಗೆ ದೇವಸ್ಥಾನಕ್ಕಿಂತ ಹೆಚ್ಚು. "ಸ್ಕೂಲೊಂದು ಇಲ್ದೇ ಇದ್ದಿದ್ರೆ ನಾನು ಇವತ್ತೂ ಎಮ್ಮೆ ಬಾಲ ಹಿಡ್ಕೊಂಡು ಹೋಗ್ತಿದ್ದೆ ಕಣಮ್ಮ" ಎನ್ನುವರು. ಗದರುತ್ತಿದ್ದರು, ಮೇಜು ಗುದ್ದುತ್ತಿದ್ದರು, ಒಂದು ಮಗು ಸೇರಿತು ಎಂದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಕಾಲದಲ್ಲೇ ಕಾಗದದ ಸಮೀಕ್ಷೆ ಹೋಗಿ ಮೊಬೈಲಿನ ಆ್ಯಪ್ ಬಂತು. ಮಗು ಯಾಕೆ ಹೊರಗುಳಿದಿದೆ ಎಂಬುದಕ್ಕೆ ಅದರಲ್ಲಿ ಸಿದ್ಧ ಉತ್ತರಗಳಿದ್ದವು: ವಲಸೆ, ದುಡಿಮೆ, ಕಾಯಿಲೆ, ಬಾಲ್ಯವಿವಾಹ. ಒಂದನ್ನು ಒತ್ತಬೇಕು. ಯಾವುದೂ ಹೊಂದದಿದ್ದರೆ ಕೊನೆಯಲ್ಲಿ 'ಇತರೆ'. ನಾನು ಆ 'ಇತರೆ'ಯನ್ನು ಒತ್ತಿದ ಮನೆಯ ಕಥೆಯೇ ಇದು.

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದಿದ್ದವು. ಮನೆಮನೆ ಸಮೀಕ್ಷೆಗೆಂದು ನಜರ್‌ಬಾದಿನ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಜಯಮ್ಮ ಎಂಬಾಕೆ ಗೇಟಿನಿಂದಲೇ ನನ್ನನ್ನು ಕರೆದರು.

"ಆ ನೀಲಿ ಬಾಗ್ಲು ಮನೇಲಿ ಮೂರು ಮಕ್ಳು ಅವ್ರೆ ಕಣಮ್ಮ. ಒಂದಿನಾನೂ ಬ್ಯಾಗು ಎತ್ಕಂಡು ಓಗಿದ್ದು ಕಂಡಿಲ್ಲ. ಅವ್ವ-ಅಪ್ಪ ಓದ್ದೋರೇ. ಎಂಗೆ ಬುಟ್ಕಂಡವ್ರೋ ಏನೋ."

ನೀಲಿ ಬಾಗಿಲು ತೆರೆದವರು ಗ್ರೇಸ್. ಆಕೆಯ ಗಂಡ ದೇವದಾನ ರೈಲ್ವೆಯಲ್ಲಿ ಫಿಟ್ಟರ್. ಮಕ್ಕಳು ರೂತ್, ಪ್ರಸನ್ನ, ಶಾಂತಿ. ಹಿರಿಯವಳಾದ ರೂತ್ ಆಗ ಜಡೆಯನ್ನು ತಾನೇ ಹೆಣೆದುಕೊಳ್ಳುವ ವಯಸ್ಸಿಗೆ ಬಂದಿದ್ದಳು. ಕೊನೆಯವಳು ಶಾಂತಿಗೆ ಮುಂದಿನ ಹಲ್ಲು ಬಿದ್ದಿತ್ತು. ನಾನು ಯಾರೆಂದು ಹೇಳಿದಾಗ ಗ್ರೇಸ್ ಮುಖ ಬಿಳಿಚಿತು, ಆದರೆ ಬಾಗಿಲು ಮುಚ್ಚಲಿಲ್ಲ.

"ಒಳಗೆ ಬನ್ನಿ ಮೇಡಂ. ಪಾಠ ನಡೀತಾ ಇದೆ. ನೋಡ್ಕೊಂಡೇ ಮಾತಾಡಿ."

ಊಟದ ಮೇಜೇ ಶಾಲೆ. ಒಂದು ತುದಿಯಲ್ಲಿ ರೂತ್ ತಮ್ಮನಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಇನ್ನೊಂದು ತುದಿಯಲ್ಲಿ ಶಾಂತಿ, ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮನಿಗೆ ಕಥೆ ಓದಿ ಹೇಳುತ್ತಿದ್ದಳು. ನಾನು ಅಧಿಕಾರದ ಗತ್ತಿನಲ್ಲಿ ಕುರ್ಚಿ ಎಳೆದುಕೊಂಡು ಪರೀಕ್ಷೆ ಶುರು ಮಾಡಿದೆ. ಕನ್ನಡ ಓದಿಸಿದೆ, ಓದಿದರು. ಲೆಕ್ಕ ಕೊಟ್ಟೆ, ಮಾಡಿದರು. ಪ್ರಸನ್ನನಿಗೆ ಇತಿಹಾಸದ ಒಂದು ಪ್ರಶ್ನೆ ಕೇಳಿದೆ.

"ಗೊತ್ತಿಲ್ಲ ಆಂಟಿ" ಎಂದ. ಎಂದು ನಕ್ಕ. "ಏನದು? ಹೇಳಿ."

ನಾನು ಎಷ್ಟೋ ತರಗತಿಗಳಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ಕೇಳಿದ್ದೇನೆ. ಯಾವಾಗಲೂ ತಲೆ ತಗ್ಗಿಸಿ, ಏಟು ಬೀಳಬಹುದೆಂದು ಭುಜ ಕುಗ್ಗಿಸಿ ಹೇಳಿದ ಮಾತು ಅದು. ಹೊಸ ಆಟಿಕೆಗೆ ಕೈ ಚಾಚುವಂತೆ ಒಂದು ಮಗು 'ಗೊತ್ತಿಲ್ಲ' ಎಂದದ್ದನ್ನು ಅವತ್ತೇ ಮೊದಲು ಕೇಳಿದೆ. ನನ್ನ ಗತ್ತು ಅಲ್ಲಿಗೇ ಇಳಿಯಿತು.

ಗ್ರೇಸ್ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದವರು. "ದಿನಾ ಬೇರೆಯವರ ಮಕ್ಕಳಿಗೆ ಎಲ್ಲಾ ಕೊಟ್ಟು ಬರ್ತಿದ್ದೆ ಮೇಡಂ. ಮನೆಗೆ ಬಂದ್ರೆ ರೂತ್ ಟ್ಯೂಷನ್ ಮುಗಿಸಿ ಯೂನಿಫಾರಂನಲ್ಲೇ ಮಲಗಿರೋಳು. ದೇವರು ಈ ಮಕ್ಕಳನ್ನ ನಮ್ಮ ಕೈಗೆ ಕೊಟ್ಟಿದ್ದಾನೆ. ಅವನು ಕೇಳಿದಾಗ, ವ್ಯಾನ್ ಡ್ರೈವರ್ ಕೈಗೆ ಕೊಟ್ಟೆ ಅನ್ನೋಕಾಗುತ್ತಾ ಅಂತ ಇಬ್ಬರೂ ಕೂತು ಪ್ರಾರ್ಥನೆ ಮಾಡಿದ್ವಿ. ಕೆಲಸ ಬಿಟ್ಟೆ."

ಅವರ ಕ್ರಮ ಸರಳ. ಬೆಳಿಗ್ಗೆ ಎಲ್ಲರೂ ಕೂತು ಒಂದು ಹಾಡು, ಬೈಬಲಿನ ಒಂದು ಭಾಗ, ಪ್ರಾರ್ಥನೆ. ನಂತರ ಮಧ್ಯಾಹ್ನದವರೆಗೆ ಪಾಠ. ಅಪ್ಪ ಪಾಳಿ ಮುಗಿಸಿ ಬಂದ ಮೇಲೆ ಸ್ಪ್ಯಾನರು, ಸ್ಕ್ರೂಗಳ ಜೊತೆ ವಿಜ್ಞಾನ. ಒಂದು ನಿಯಮ ಮಾತ್ರ ಕಡ್ಡಾಯ: ಕಲಿತವರು ತಮಗಿಂತ ಚಿಕ್ಕವರಿಗೆ ಅದನ್ನು ಕಲಿಸಬೇಕು. ಕಲಿಸುವಾಗ ಸಿಟ್ಟು ಬಂದರೆ ಎದ್ದು ಹೋಗಿ ನೀರು ಕುಡಿದು ಬರಬೇಕು.

ನಾನು ಪೂರಾ ಒಪ್ಪಿಕೊಂಡು ಬರಲಿಲ್ಲ. "ನಿಮ್ಮ ಮಕ್ಕಳು ಬೇರೆ ಮನೆ ಮಕ್ಕಳ ಜೊತೆ ಜಗಳ ಆಡೋದು, ರಾಜಿ ಆಗೋದು ಯಾವಾಗ? ಇನ್ನೊಬ್ಬರ ಡಬ್ಬಿ ಊಟ ತಿನ್ನೋದು ಯಾವಾಗ? ಎಲ್ಲರೂ ನಮ್ಮಂಗೇ ಇರ್ತಾರೆ ಅನ್ಕೊಂಡು ಬೆಳೆದುಬಿಡಲ್ವಾ?" ಎಂದು ಕೇಳಿದೆ. ಮುಂದಿನ ಸಲ ಹೋದಾಗ ಮೂವರೂ ಸಂಜೆ ಹೊತ್ತು ಬೀದಿಯ ಮಕ್ಕಳೊಂದಿಗೆ ಆಡಲು ಹೋಗುತ್ತಿದ್ದರು. ಜಯಮ್ಮನ ಮೊಮ್ಮಗ ಪ್ರಸನ್ನನ ಜೊತೆ ಜಗಳವಾಡಿ, ಎರಡು ದಿನ ಮಾತು ಬಿಟ್ಟು, ಮತ್ತೆ ಅವರ ಮನೆಯಲ್ಲೇ ಕೂತು ದೋಸೆ ತಿನ್ನುತ್ತಿದ್ದ. "ನೀವು ಹೇಳಿದ್ದು ಸರಿ ಇತ್ತು ಮೇಡಂ" ಎಂದರು ಗ್ರೇಸ್.

ಪುಟ್ಟಸ್ವಾಮಿಯವರು ಮಾತ್ರ ಕರಗಲಿಲ್ಲ. "ಇವತ್ತು ಓದಿದವರು ಮನೇಲಿ ಇಟ್ಕೊಂಡ್ರು ಅಂತ ಬುಟ್ರೆ, ನಾಳೆ ಹೋಟ್ಲಲ್ಲಿ ಲೋಟ ತೊಳೆಯೋ ಹುಡುಗನ ಅಪ್ಪಾನೂ ಮನೇಲೇ ಕಲಿಸ್ತೀನಿ ಅಂತಾನೆ. ಆಗ ಏನು ಹೇಳ್ತೀರಿ?" ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನೋಟೀಸು ಹೋಯಿತು. ದೇವದಾನ ಆಫೀಸಿಗೆ ಬಂದು, ಮಕ್ಕಳನ್ನು ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯ ಮೂಲಕ ಹತ್ತನೆಯ ಪರೀಕ್ಷೆಗೆ ಕೂರಿಸುತ್ತೇವೆ ಎಂದು ವಿನಯದಿಂದಲೇ ಹೇಳಿಹೋದರು. ವಿಷಯ ಹಾಗೆಯೇ ನೇತಾಡುತ್ತಿತ್ತು.

ಅಷ್ಟರಲ್ಲಿ ಒಂದು ದಿನ ಟೆರೇಸಿನ ಮೇಲೆ ಬಟ್ಟೆ ಹರವುತ್ತಿದ್ದ ಗ್ರೇಸ್ ಕುಸಿದು ಬಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ ಸೋತಿತು. ಮಾತು ಹೋಯಿತು.

ನಾನು ನೋಡಲು ಹೋದಾಗ ಆಕೆ ಕಿಟಕಿಯ ಬಳಿ ಕೂತಿದ್ದರು. ನನ್ನ ಗುರುತು ಸಿಕ್ಕಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಮಾತ್ರ ಒಂದೇ ಪದ: 'ನಾಳೆ'. ನೀರು ಬೇಕಾದರೂ 'ನಾಳೆ', ನೋವಾದರೂ 'ನಾಳೆ'. ರೂತಳನ್ನು ಕೂಗಲು ಬಾಯಿ ತೆರೆದು, 'ನಾಳೆ' ಎಂದು ಹೇಳಿ, ತಾನು ಹೇಳಿದ್ದು ಅದಲ್ಲವೆಂದು ತಿಳಿದು ತುಟಿ ಕಚ್ಚಿಕೊಳ್ಳುತ್ತಿದ್ದರು. ಜೀವನವೆಲ್ಲ ಮಕ್ಕಳಿಗೆ ಪದ ಕಲಿಸಿದವರು. ನನಗೆ ಅಲ್ಲಿ ಕೂರಲಾಗಲಿಲ್ಲ.

"ಮೇಷ್ಟ್ರೇ ಮಲಗ್ಬುಟ್ಟ ಮೇಲೆ ಇನ್ನೆಲ್ಲಿ ಸ್ಕೂಲು ಕಣಮ್ಮ?" ಎಂದರು ಪುಟ್ಟಸ್ವಾಮಿ. ಈ ಸಲ ಗದರಲಿಲ್ಲ. "ಮಕ್ಕಳನ್ನ ಸೇರಿಸಿಬುಡಿ. ಮಧ್ಯಾಹ್ನ ಬಿಸಿಯೂಟನಾದ್ರೂ ಸಿಗುತ್ತೆ. ಪಾಪ, ಆ ಮನುಷ್ಯ ಒಬ್ಬನೇ ಏನಂತ ಮಾಡ್ತಾನೆ?" ನನಗೂ ಅದೇ ಸರಿ ಎನಿಸಿತು. ದೇವದಾನ ಕೂಡ ಸೋತುಹೋಗಿದ್ದರು. "ಕರ್ಕೊಂಡು ಹೋಗಿ ಮೇಡಂ" ಎಂದಷ್ಟೇ ಫೋನಿನಲ್ಲಿ ಹೇಳಿದರು.

ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಾತಾಡಿ, ಸೇರ್ಪಡೆಯ ಕಾಗದಗಳನ್ನು ಹಿಡಿದು ಬೆಳಿಗ್ಗೆಯೇ ಹೋದೆ. ಮಕ್ಕಳು ತಲೆ ಬಾಚಿಕೊಂಡು ಸಿದ್ಧರಿದ್ದರು. ಯಾರೂ ಅಳಲಿಲ್ಲ, ಹಟ ಮಾಡಲಿಲ್ಲ.

"ಪ್ರಾರ್ಥನೆ ಮುಗಿಸ್ಕೊಂಡು ಬರ್ತೀವಿ ಆಂಟಿ" ಎಂದಳು ರೂತ್. "ಅಮ್ಮ ಆಸ್ಪತ್ರೆಗೆ ಹೋದಾಗಿಂದ ನಾವು ಹಾಡೇ ಇಲ್ಲ. ಇವತ್ತು ಹಾಡ್ಬಿಟ್ಟು ಹೋಗೋಣ ಅಂತ."

ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ಹಾಡಿದ್ದು ಗ್ರೇಸ್ ಅವರ ತಂದೆ, ಹಳ್ಳಿಯ ಕ್ರೈಸ್ತ ಸಭೆಯೊಂದರಲ್ಲಿ ಉಪದೇಶಿಯಾಗಿದ್ದವರು, ತಾವೇ ಕಟ್ಟಿದ ಹಾಡಂತೆ.

ಎದ್ದೆನು ಕರ್ತನೆ ನಿನ್ನಯ ಬೆಳಕಿಗೆ,
ಎದ್ದಿತು ಮನೆಯೆಲ್ಲ ನಿನ್ನಯ ಹೆಸರಿಗೆ...

ಮೂವರು ಮಕ್ಕಳ ದನಿ, ಒಡೆದುಹೋಗಿದ್ದ ದೇವದಾನರ ದನಿ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಇನ್ನೊಂದು ದನಿ ಕೇಳಿತು. ಬೀದಿಯಿಂದ ಬಂತೇನೋ ಎಂದುಕೊಂಡೆ. ಕಿಟಕಿಯ ಬಳಿ ನೋಡಿದರೆ ಗ್ರೇಸ್ ಹಾಡುತ್ತಿದ್ದರು. ಗುನುಗುವುದಲ್ಲ. ಪದ ಪದವಾಗಿ, ಸ್ಪಷ್ಟವಾಗಿ, 'ಮನೆಯೆಲ್ಲ' ಎಂದು, 'ಹೆಸರಿಗೆ' ಎಂದು. ಕಣ್ಣು ಮುಚ್ಚಿತ್ತು. ತಾನು ಹಾಡುತ್ತಿರುವುದು ಆಕೆಗೇ ತಿಳಿದಂತಿರಲಿಲ್ಲ.

ಶಾಂತಿ ಹಾಡು ನಿಲ್ಲಿಸಿ ಬಾಯಿ ತೆರೆದಳು. ದೇವದಾನ ಅವಳ ಬೆನ್ನ ಮೇಲೆ ಕೈಯಿಟ್ಟು, ನಿಲ್ಲಿಸಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ಕೊನೆಯ ಚರಣದವರೆಗೂ ಹಾಡಿದರು, ಐದು ದನಿಯಲ್ಲಿ.

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಬೆಳಿಗ್ಗೆ ಲಿಂಗಪೂಜೆಯಾಗದೆ ನಾನು ನೀರು ಮುಟ್ಟಿದವಳಲ್ಲ. ಅವರ ಹಾಡು ನನ್ನ ಹಾಡಲ್ಲ. ಆದರೂ ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆ, ಕೈ ತಾನಾಗಿ ಜೋಡಿಸಿಕೊಂಡಿತ್ತು.

ಹಾಡು ಮುಗಿದ ಕೂಡಲೆ ಶಾಂತಿ ಓಡಿಹೋಗಿ ಅಮ್ಮನ ಮುಖ ಹಿಡಿದಳು. "ಅಮ್ಮಾ, ಶಾಂತಿ ಅನ್ನು!"

"ನಾಳೆ" ಎಂದರು ಗ್ರೇಸ್.

ದೇವದಾನ ಗೋಡೆ ಕಡೆ ತಿರುಗಿದರು. ರೂತ್ ಮಾತ್ರ ಅಮ್ಮನ ಮುಂದೆ ಮಂಡಿಯೂರಿ ಕೂತಳು. "ಇನ್ನೊಂದ್ಸಲ" ಎಂದಳು. ಮತ್ತೆ ಹಾಡಿದರು, ಗ್ರೇಸ್ ಮತ್ತೆ ಹಾಡಿದರು. ಮೂರನೆಯ ಸಲ ರೂತ್, "ಎದ್ದೆನು ಕರ್ತನೆ ನಿನ್ನಯ..." ಎಂದು ನಿಲ್ಲಿಸಿ, ಉಳಿದವರಿಗೂ ನಿಲ್ಲಲು ಕೈಸನ್ನೆ ಮಾಡಿದಳು.

"ಬೆಳಕಿಗೆ" ಎಂದರು ಗ್ರೇಸ್, ಒಬ್ಬರೇ.

ರೂತ್ ಅಮ್ಮನ ಎಡಗೈಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. "ಇದೇನಮ್ಮ?"

ಗ್ರೇಸ್ ತಮ್ಮ ಕೈಯನ್ನು ನೋಡಿದರು. ಹಣೆಯಲ್ಲಿ ಬೆವರು ಒಡೆಯಿತು. ತುಟಿ ಎರಡು ಮೂರು ಸಲ ಕೂಡಿ ಬಿಟ್ಟಿತು. "ಬೆಳ... ಬೆಳಕಿಗೆ."

'ಬೆಳಕು' ಅಲ್ಲ, 'ಬೆಳಕಿಗೆ'. ಹಾಡಿನಲ್ಲಿ ಇದ್ದಂತೆಯೇ, ಬಾಲದ ಸಮೇತ. ಆದರೆ 'ನಾಳೆ' ಅಲ್ಲದ ಪದ.

ರೂತ್ ನನ್ನ ಕಡೆ ತಿರುಗಿ, "ಆಂಟಿ, ನಾವು ಇವತ್ತು ಬರೋಕಾಗಲ್ಲ. ಇಲ್ಲಿ ಸ್ಕೂಲು ಶುರುವಾಗಿದೆ" ಎಂದಳು. ಕಾಗದಗಳನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು ಹೊರಬಂದೆ.

"ನಿಮ್ಮನ್ನ ಕಳ್ಸಿದ್ದು ಮಕ್ಳನ್ನ ಸೇರ್ಸೋಕೋ, ಭಜನೆ ಕೇಳೋಕೋ?" ಎಂದು ಪುಟ್ಟಸ್ವಾಮಿ ಮೇಜು ಗುದ್ದಿದರು. "ನೀವೇ ಬಂದು ನೋಡಿ ಸಾರ್" ಎಂದೆ. ಮಾರನೆಯ ದಿನ ಬಂದೇಬಿಟ್ಟರು. ಬಾಗಿಲಲ್ಲಿ ಶೂ ಕಳಚಿ, ಒಳಗೆ ಬಂದು ನಾನು ಕೂತಿದ್ದ ಸ್ಟೂಲಿನ ಮೇಲೆಯೇ ಕೂತರು. ಹಾಡಾಯಿತು. ಪಾಠವಾಯಿತು. ರೂತ್ ಒಂದೊಂದೇ ಪದವನ್ನು ಹಾಡಿನಿಂದ ಬಿಡಿಸಿ ಅಮ್ಮನ ಕೈಗೆ ಕೊಡುತ್ತಿದ್ದಳು. ಹೊರಗೆ ಬಂದ ಮೇಲೆ ಜೀಪಿನ ಬಾಗಿಲು ಹಿಡಿದು ನಿಂತರು.

"ಈ ಮಗೀನ ಕರ್ಕೊಂಡೋಗಿ ಯಾವ ಬೆಂಚ್ ಮೇಲೆ ಕೂರ್ಸೋಣ ಅಂತೀರಿ ಮೇಡಂ?" ಎಂದರು. "ಜೂನ್‌ವರೆಗೂ ಬುಟ್ಬುಡಿ. ಆಮೇಲೆ ಅವರೇ ಹೇಳ್ಲಿ."

ಮಾತಿನ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಮ್ಮ ವಿಷಯ ಕೇಳಿ ಸಂತೋಷಪಟ್ಟರು. ಮಾತು ಮೆದುಳಿನ ಒಂದು ಕಡೆಯದ್ದಾದರೆ, ರಾಗಕ್ಕೆ ಇನ್ನೊಂದು ಕಡೆಯ ಆಸರೆಯೂ ಇರುತ್ತದೆಯಂತೆ. ಪದವನ್ನು ರಾಗದಲ್ಲಿ ಹೇಳಿಸುವಾಗ ಎಡ ಅಂಗೈ ತಟ್ಟಬೇಕೆಂದು ಅವರು ಮಕ್ಕಳಿಗೆ ತೋರಿಸಿಕೊಟ್ಟರು. ಮಕ್ಕಳು ಕೆಲಸ ಹಂಚಿಕೊಂಡರು. ಅಡುಗೆಮನೆಯ ಪದಗಳು ಪ್ರಸನ್ನನವು. ಕಣ್ಣು, ಮೂಗು, ಕಿವಿ ಶಾಂತಿಯವು, ಯಾಕೆಂದರೆ ಅವಳು ತಾನೇ ಅವನ್ನು ಈಚೆಗೆ ಬರೆಯಲು ಕಲಿತಿದ್ದಳು. ಉಳಿದ ಲೋಕವೆಲ್ಲ ರೂತಳದು.

ಎಲ್ಲ ದಿನವೂ ಹಬ್ಬವಾಗಿರಲಿಲ್ಲ. ಒಮ್ಮೆ ನಾನಿದ್ದಾಗಲೇ ಗ್ರೇಸ್ ತಟ್ಟೆ ಎಸೆದರು. ಇನ್ನೊಮ್ಮೆ ಪ್ರಸನ್ನ, "ನಿನ್ನೆ ತಾನೆ ಹೇಳಿದ್ದೆ ಅಲ್ವಾ ಅಮ್ಮ!" ಎಂದು ಕೂಗಿದ. ಆಮೇಲೆ ತಾನೇ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದ. ಅಂಗೈ ತಟ್ಟಿ ಮೊದಲಿನಿಂದ ಶುರು ಮಾಡಿದ. ನಾನು ಶಿಕ್ಷಕರ ತರಬೇತಿಗಳಲ್ಲಿ ತಾಳ್ಮೆಯ ಮೇಲೆ ಎಷ್ಟು ಭಾಷಣ ಕೊಟ್ಟಿದ್ದೇನೋ! ಆ ಹುಡುಗ ಮತ್ತೆ ಬಂದು ಕೂತ ರೀತಿಯನ್ನು ಕಂಡ ಮೇಲೆ ಆ ಭಾಷಣ ನನ್ನ ಬಾಯಿಗೆ ಬರಲಿಲ್ಲ.

ಜೂನ್ ಬಂದಾಗ ಆ ಮನೆಯವರೇ ಹೇಳಿದರು. ಪ್ರಸನ್ನ ಶಾಲೆಗೆ ಹೋಗುತ್ತೇನೆಂದ. ಜಯಮ್ಮನ ಮೊಮ್ಮಗನ ಕ್ರಿಕೆಟ್ ತಂಡಕ್ಕೆ ಬೌಲರ್ ಬೇಕಿತ್ತು. ಅವನನ್ನು ನಾನೇ ಸೇರಿಸಿದೆ, ಪುಟ್ಟಸ್ವಾಮಿಯವರು ಕಣ್ಣೊರೆಸಿಕೊಂಡರು. ಶಾಂತಿ ಮನೆಯಲ್ಲೇ ಉಳಿದಳು. ರೂತ್ ಕೆಲವು ವರ್ಷಗಳ ಮೇಲೆ ಮುಕ್ತ ಶಾಲೆಯ ಪರೀಕ್ಷೆ ಬರೆದು ಪಾಸಾದಳು, ಈಗ ಕಾಲೇಜಿನಲ್ಲಿದ್ದಾಳೆ. ಮನೆಯಲ್ಲೇ ಕಲಿಸುವುದು ಸರಿಯೋ ತಪ್ಪೋ ಎಂದು ಹೊಸಬರು ನನ್ನನ್ನು ಕೇಳಿದರು. ಎಲ್ಲ ಮನೆಗೂ ಒಪ್ಪುವ ಉತ್ತರ ನನ್ನ ಬಳಿ ಇಲ್ಲ. ಕಂಡದ್ದನ್ನು ಹೇಳಬಲ್ಲೆ, ಅಷ್ಟೆ.

ಕಂಡದ್ದರಲ್ಲಿ ಒಂದು ಬಾಕಿ ಇದೆ, ಆ ಜೂನಿಗೆ ಸ್ವಲ್ಪ ಮುಂಚಿನದು. ಅಷ್ಟರಲ್ಲಿ ಗ್ರೇಸ್‌ಗೆ ಎಷ್ಟೋ ಪದಗಳು ಮರಳಿದ್ದವು. 'ಶಾಂತಿ' ಬಂದಿತ್ತು, ಅದು ಹಾಡುಗಳಲ್ಲಿದ್ದ ಪದ. 'ಪ್ರಸನ್ನ' ಕೂಡ ಹಾಗೆಯೇ ಬಂತು. 'ರೂತ್' ಎಂಬುದು ಮಾತ್ರ ಆಕೆಗೆ ಬರುವ ಯಾವ ಹಾಡಿನಲ್ಲೂ ಇರಲಿಲ್ಲ. ಮಕ್ಕಳು ರಾಗ ಕಟ್ಟಿ ನೋಡಿದರು, ಅಂಗೈ ತಟ್ಟಿ ನೋಡಿದರು. ಎಲ್ಲರಿಗೂ ಹೆಸರಿತ್ತು, ಹಗಲೆಲ್ಲ ಅಮ್ಮನ ಪಕ್ಕ ಕೂತು ಕಲಿಸುತ್ತಿದ್ದ ರೂತ್ ಮಾತ್ರ ಇನ್ನೂ 'ನಾಳೆ'. ನಿನಗೆ ಬೇಜಾರಾಗಲ್ವಾ ಎಂದು ಒಮ್ಮೆ ಕೇಳಿದೆ. "ಅವರು ಕರೀತಾ ಇದಾರಲ್ಲ ಆಂಟಿ, ಅಷ್ಟು ಸಾಕು" ಎಂದಿದ್ದಳು. ಹೇಳಿ ಮುಖ ಆ ಕಡೆ ಮಾಡಿಕೊಂಡಿದ್ದಳು.

ಅವತ್ತು ನಾನು ಹೋದಾಗ ನನಗೆ ಕಾಫಿ ಮಾಡಲೆಂದು ರೂತ್ ಹಾಲು ಒಲೆಯ ಮೇಲಿಟ್ಟು ಹೊರಗೆ ಬಂದಿದ್ದಳು. ಶಾಂತಿ ಬೀದಿಗೆ ಆಡಲು ಹೋಗಿದ್ದಳು. ಪ್ರಸನ್ನನ ಒಂದು ಲೆಕ್ಕದ ವಿಷಯದಲ್ಲಿ ಅವನು, ರೂತ್, ನಾನು ಮೂವರೂ ಮುಳುಗಿಹೋಗಿದ್ದೆವು. ಗ್ರೇಸ್ ಅಡುಗೆಮನೆಯ ಬಾಗಿಲಲ್ಲಿ ಕೂತು ಎಡಗೈಯಿಂದ ಬಟಾಣಿ ಸುಲಿಯುತ್ತಿದ್ದರು. ಇದ್ದಕ್ಕಿದ್ದಂತೆ ಆ ಬಾಗಿಲಿನಿಂದ, ಯಾವ ಮನೆಯಲ್ಲೂ ಯಾವ ತಾಯಿಯೂ ದಿನ ಬೆಳಗಾದರೆ ಕೂಗುವಂಥ ದನಿಯಲ್ಲಿ, ಸ್ವಲ್ಪ ಸಿಡುಕಿನಲ್ಲೇ ಕೂಗು ಕೇಳಿತು:

"ರೂತ್! ಹಾಲು!"

ರೂತ್ ಎದ್ದು ನಿಂತಳು. ಒಲೆಯ ಕಡೆ ಹೋಗಲಿಲ್ಲ. ಪ್ರಸನ್ನನ ಪೆನ್ಸಿಲು ನಿಂತಿತು. ಬಾಗಿಲಲ್ಲಿ ಗ್ರೇಸ್ ತಮ್ಮ ತುಟಿಗಳನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಿದ್ದರು, ಅಲ್ಲಿಂದ ಹೊರಟದ್ದು ಏನೆಂದು ನೋಡುವವರ ಹಾಗೆ. "ಏನಂದ್ರಿ ಅಮ್ಮ?" ಎಂದಳು ರೂತ್, ಮೆಲ್ಲಗೆ, ಅದು ಹಾರಿಹೋದೀತೆಂಬ ಭಯದಲ್ಲಿ.

"ರೂತ್" ಎಂದರು ಗ್ರೇಸ್. "ರೂತ್. ರೂತ್."

ಒಳಗೆ ಹಾಲು ಉಕ್ಕಿ, ಒಲೆಯ ಮೇಲೆ ಸುರಿದು, ಚುರ್ರೆನ್ನುತ್ತಿತ್ತು. ಆ ಮನೆಯವರು ಯಾರಿಗೂ ಅದು ಕೇಳಿಸಲಿಲ್ಲ. ನಾನೇ ಹೋಗಿ ಗ್ಯಾಸ್ ಆರಿಸಿ, ಅವರು ಮೂವರೂ ಅಳುವುದು ಮುಗಿಯುವವರೆಗೂ ಅಡುಗೆಮನೆಯಲ್ಲೇ ನಿಂತಿದ್ದೆ.